ಏಳು ದಿನದ ಬಿಳುಪು

ಬೆಳ್ಳಗಾಗುವ ಕ್ರೀಮಿನ ಜಾಹೀರಾತಿಗೆ ಒಂದೇ ಮುಖದ ಎರಡು ಫೋಟೊ ಬೇಕಿತ್ತು. ಹಚ್ಚುವ ಮೊದಲು ಕಪ್ಪಗೆ, ಏಳು ದಿನ ಹಚ್ಚಿದ ಮೇಲೆ ಬೆಳ್ಳಗೆ. ವಾರಿಜಾ ಹುಟ್ಟಿನಿಂದಲೇ ಬೆಳ್ಳಗಿನ ಹುಡುಗಿ. ಅದಕ್ಕಾಗಿ ಮೈ ಕಪ್ಪಾಗಿಸುವ ಲೋಷನ್ನನ್ನು ಅವಳ ಮುಖಕ್ಕೆ ಬಳಿದು ಮೊದಲನೆಯದನ್ನು ತೆಗೆದರು.

"ಇವತ್ತಿಂದ ದಿನಾ ಹಚ್ಕೊಳಮ್ಮ, ನಾಳೆ ಯಾರಾದ್ರೂ ಕೇಳಿದ್ರೆ ಸುಳ್ಳಾಗಬಾರದು" ಎಂದು ಕ್ರೀಮ್ ಕಂಪನಿಯ ಮಾಲೀಕರು ತಮ್ಮ ಕ್ರೀಮಿನ ಡಬ್ಬಿಯನ್ನೂ ಕೈಗಿತ್ತರು.

ಮರುದಿನ ಏಳುವಷ್ಟರಲ್ಲಿ ಮುಖವೆಲ್ಲ ದದ್ದೆದ್ದು, ಕಣ್ಣು ಬಾತು, ಕೆರೆತ ತಡೆಯಲಾಗದಂತಾಗಿತ್ತು. ಬಸ್ ಸ್ಟ್ಯಾಂಡಿನ ಜಾಹೀರಾತು ಬೋರ್ಡಿಗೆ ನಮ್ಮ ಹುಡುಗೀನೇ ಎಂದು ತಾಯಿ ಆಗಲೇ ಬೀದಿಗೆಲ್ಲ ಸಾರಿಯಾಗಿತ್ತು. ವಾರದೊಳಗೆ ಮುಖ ಸರಿಹೋಗದಿದ್ದರೆ ಆ ಜಾಗ ಇನ್ನೊಬ್ಬಳ ಪಾಲು.

"ಆ ಲೋಷನ್ನು ನಿನಗೆ ಒಗ್ಗಿಲ್ಲ" ಎಂದರು ಡಾಕ್ಟರು. "ಮಾತ್ರೆ ಕೊಡ್ತೀನಿ. ಮುಖಕ್ಕೆ ಏನೂ ಸೋಕಿಸಬೇಡ."

"ಈ ಕ್ರೀಮೂ?"

"ಏನೂ ಅಂದ್ರೆ ಏನೂ ಇಲ್ಲ ತಾಯಿ. ಬರೀ ತಣ್ಣೀರು."

ಎಂಟನೆಯ ದಿನ ಅವಳು ಎರಡನೆಯ ಫೋಟೊಗೆ ಅಳುಕುತ್ತಲೇ ಹೋದಳು. ದದ್ದು ಇಳಿದಿತ್ತು, ಬಳಿದ ಕಪ್ಪೂ ತಾನಾಗಿಯೇ ಬಿಟ್ಟುಹೋಗಿತ್ತು. ಫೋಟೊ ತೆಗೆದಾಯಿತು.

"ನೋಡ್ರಯ್ಯಾ, ಏಳೇ ದಿನ! ಒಂದಕ್ಷರ ಸುಳ್ಳಿಲ್ಲ!" ಎಂದು ಮಾಲೀಕರು ಎಲ್ಲರಿಗೂ ಕೇಳುವಂತೆ ಹಿಗ್ಗಿದರು.

ವಾರಿಜಾಳಿಗೆ ಮನಸ್ಸು ತಡೆಯಲಿಲ್ಲ. ಅವರನ್ನು ಪಕ್ಕಕ್ಕೆ ಕರೆದು ಡಬ್ಬಿಯನ್ನು ಚಾಚಿದಳು. "ತಪ್ಪು ತಿಳ್ಕೋಬೇಡಿ ಸಾರ್, ನಾನು ಇದರ ಮುಚ್ಚಳಾನೂ ತೆಗೀಲಿಲ್ಲ."

ಮಾಲೀಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಳ್ಳೇದೇ ಆಯ್ತು ಬಿಡಮ್ಮ. ನನ್ನ ಮಗಳಿಗೂ ನಾನು ಹಚ್ಚೋಕೆ ಬಿಡಲ್ಲ."