ಜೋಪಾನವಾಗಿಟ್ಟ ದನಿ

‘ಎಲ್ಲವೂ ಯಶಸ್ವಿಯಾಗಿ ಮರಳಿ ಬಂದಿದೆ’ ಎಂದು ಹೊಸ ಕಂಪ್ಯೂಟರು ಹಸಿರು ಅಕ್ಷರಗಳಲ್ಲಿ ಹೇಳಿತು. ಶಮಶುದ್ದೀನ ಕನ್ನಡಕ ಏರಿಸಿ ನೋಡಿದ. ಮರಳಿ ಬಂದದ್ದು ಎರಡು ಹಳೆಯ ಬಿಲ್ಲು, ಅವನ ಅಳಿಯನ ಒಂದು ಫೋಟೋ, ‘ನೀರು’ ಎಂಬ ಹೆಸರಿನ ಒಂದೇ ಒಂದು ಧ್ವನಿಮುದ್ರಣ. ಚಂದ್ರಾಮ ಸಾರಿದ ಬೇರೆ ಯಾವ ಜಾಹೀರಿನ ಸುಳಿವೂ ಇರಲಿಲ್ಲ.

“ಬಂತೇನೋ ಶಮಶು?” ಬದಿಯ ಸ್ಟೂಲಿನ ಮೇಲೆ ಕೂತಿದ್ದ ಕಸ್ತೂರೆವ್ವ ಕೇಳಿದಳು. ಅವಳು ಚಂದ್ರಾಮನ ಹೆಂಡತಿ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

“ತಡೀರಿ ವೈನಿ, ಹುಡುಕಾಕತ್ತೇನಿ.”

“ಫೋಟೋ ಗ್ವಾಡಿ ಮ್ಯಾಲ ಐತಿ, ದಿನಾ ನೋಡ್ತೇನಿ. ಮುಖ ಮರಿಯೂದಿಲ್ಲ. ದನಿ ಮರಿಯಾಕತ್ತೇನಿ. ನಿನ್ನಿ ರೊಟ್ಟಿ ಬಡಕೋತ ನೆನಸಾಕ ಹೋದೆ, ಬರಲೇ ಇಲ್ಲ. ಅಂಜಿಕಿ ಬಂತು ನನಗ. ಆ ನಾಟಕದ್ದು ಒಂದು ಹಚ್ಚು, ಸಾಕು.”

ಆಟೋದ ಮೇಲೆ ಮೈಕಿನ ಹಾರ್ನು ಕಟ್ಟಿ ಊರೂರು ಸಾರುವ ಶಮಶುದ್ದೀನನ ಅಂಗಡಿಗೆ ದನಿ ಎಂದರೆ ಚಂದ್ರಾಮನದೇ ಆಗಿತ್ತು. ಇಂಡಿಗೆ ನಾಟಕ ಕಂಪನಿ ಬಂದರೂ ಅವನೇ, ಹೊಸ ಸೀರೆ ಅಂಗಡಿ ತೆರೆದರೂ ಅವನೇ, ಯಾರಾದರೂ ಕಣ್ಣು ಮುಚ್ಚಿದರೂ ಅವನೇ. ‘ಇಂದೇ ನೋಡಿರಿ, ತಪ್ಪಿಸಿಕೊಂಡು ಮರುಗದಿರಿ’ ಎಂದು ಅವನು ರಾಗ ಎಳೆದರೆ ಲಚ್ಯಾಣಕ್ಕೆ ಹೊರಟ ಟೆಂಪೋದವರೂ ಗಾಡಿ ನಿಧಾನ ಮಾಡಿ ಕೇಳುತ್ತಿದ್ದರು. ಈಗಿನ ಜಾಹೀರು ಮೊಬೈಲಿನಲ್ಲಿ ಹುಟ್ಟಿ ಮೊಬೈಲಿನಲ್ಲೇ ಸಾಯುತ್ತದೆ. ಆ ದಿನಗಳ ಸೊಗಸು ಇವಕ್ಕೆಲ್ಲಿಂದ ಬರಬೇಕು? ಊರಿಗೆಲ್ಲ ಮಾತು ಹಂಚಿ ಬರುವ ಚಂದ್ರಾಮ ಮನೆಯಲ್ಲಿ ಮಾತ್ರ ಮೂಗ. ಗಂಟಲಿಗೆ ವಿಶ್ರಾಂತಿ ಬೇಕೆಂದು ಬಿಸಿನೀರು ಕುಡಿದು ಸುಮ್ಮನಾಗುತ್ತಿದ್ದ, ಇನ್ನೊಂದು ರೊಟ್ಟಿ ಬೇಕಾದರೂ ಬೆರಳು ತೋರಿಸುತ್ತಿದ್ದ. ಗಂಡನ ದನಿಯನ್ನು ಕಸ್ತೂರೆವ್ವ ಹೆಚ್ಚಾಗಿ ಕೇಳಿದ್ದೇ ಬೀದಿಯಲ್ಲಿ ಹಾಯುವ ಆಟೋದಿಂದ.

ಹೋದ ತಿಂಗಳು ಸಿಡಿಲಿಗೆ ಹಳೆಯ ಕಂಪ್ಯೂಟರು ಸುಟ್ಟಾಗ ಶಮಶುದ್ದೀನ ಎದೆ ತಟ್ಟಿ ಹೇಳಿದ್ದ: “ಚಿಂತಿ ಬಿಡ್ರಿ ವೈನಿ, ಎಲ್ಲಾ ಕ್ಲೌಡಿನ್ಯಾಗ ಐತಿ.” ದಿನಾ ಸಂಜೆ ಪರದೆಯ ಮೂಲೆಯಲ್ಲಿ ಹಸಿರು ಟಿಕ್ಕು ಬೀಳುತ್ತಿದ್ದುದನ್ನು ಅವನು ಕಣ್ಣಾರೆ ಕಂಡವನು. ಈಗ ಬ್ಯಾಕಪ್ ಕಂಪನಿಗೆ ಫೋನು ಹಚ್ಚಿದ.

“ಸರ್, ನಿಮ್ಮ ಡೆಸ್ಕ್‌ಟಾಪ್‌ನಲ್ಲಿದ್ದ ಎಲ್ಲವೂ ಸುರಕ್ಷಿತವಾಗಿದೆ” ಎಂದಳು ಆ ಕಡೆಯ ಹುಡುಗಿ. “ಡಿ ಡ್ರೈವ್ ನಿಮ್ಮ ಪ್ಲ್ಯಾನಿನಲ್ಲಿ ಸೇರಿಲ್ಲ ಸರ್.”

“ಮತ್ತ ದಿನಾ ಹಸರ ಟಿಕ್ಕ ಹಾಕ್ತಿದ್ರಲ್ಲವ್ವಾ?”

“ಅದು ಡೆಸ್ಕ್‌ಟಾಪಿಗೆ ಮಾತ್ರ ಸರ್. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?”

ಶಮಶುದ್ದೀನ ಫೋನು ಇಟ್ಟುಬಿಟ್ಟ. ಕಾಯ್ದದ್ದನ್ನು ದಿನಾ ಹೇಳುವ ಯಂತ್ರ, ಕಾಯದೇ ಬಿಟ್ಟದ್ದನ್ನು ಒಂದು ದಿನವಾದರೂ ಹೇಳಬಾರದೇ? ಆದರೆ ಅವನಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ. ಮುಗಿದ ಜಾಹೀರು ಮುಂದೆಯೇ ಬಿದ್ದಿದ್ದರೆ ಯಾರದಾದರೂ ಕೈತಪ್ಪಿ ಅಳಿಸಿಹೋದೀತೆಂದು, ಒಳ್ಳೆಯ ಸೀರೆಯನ್ನು ಟ್ರಂಕಿನ ತಳಕ್ಕೆ ಇಡುವಂತೆ, ಡಿ ಡ್ರೈವಿನಲ್ಲಿ ‘ಜೋಪಾನ’ ಎಂಬ ಫೋಲ್ಡರು ಮಾಡಿ ಚಂದ್ರಾಮನ ದನಿಯನ್ನೆಲ್ಲ ಅಲ್ಲಿ ಇಟ್ಟಿದ್ದ. ನೀರಿನದು ಮಾತ್ರ ಮೇಲಿಂದ ಮೇಲೆ ಬೇಕಾಗುತ್ತದೆಂದು ಎದುರಿಗೇ, ಡೆಸ್ಕ್‌ಟಾಪಿನ ಮೇಲೆ ಬಿಟ್ಟಿದ್ದ. ಚಂದ್ರಾಮ ಹೋದ ಮೇಲೆ ನೀರು ಸಾರಲು ಬೇರೆ ದನಿ ಬಂತು. ಇದನ್ನು ಕೇಳುವವರೇ ಇರಲಿಲ್ಲ.

“ವೈನಿ, ಜ್ವಾಪಾನ ಮಾಡಿದ್ದೆಲ್ಲಾ ಹೋತ್ರಿ. ಹೊರಗ ಬಿದ್ದಿದ್ದು ಒಂದ ಉಳದೈತಿ. ಬರೇ ನೀರಿಂದು.”

ಕಸ್ತೂರೆವ್ವ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. “ನೀರಿಂದಾದ್ರೇನು? ದನಿ ಅವರದ ಹೌದಲ್ಲೋ? ಹಚ್ಚು.”

ಅವನು ಮೇಜಿನ ಮೇಲಿನ ಪುಟ್ಟ ಸ್ಪೀಕರಿಗೆ ಕೈ ಹಾಕಿದ. ಅವಳು ತಲೆ ಅಲ್ಲಾಡಿಸಿದಳು. “ಆ ಡಬ್ಬ್ಯಾಗ ಬ್ಯಾಡ. ಹಾರ್ನಿನ್ಯಾಗ ಹಚ್ಚು. ನಾ ಕೇಳಿದ್ದು ಹಂಗ.”

ಬಾಗಿಲಲ್ಲಿ ನಿಂತಿದ್ದ ಆಟೋದ ಹಾರ್ನಿಗೆ ಶಮಶುದ್ದೀನ ವೈರು ಕೊಟ್ಟ. ಒಮ್ಮೆ ಕೊರ್ರೆಂದಿತು. ಆಮೇಲೆ ಇಡೀ ಓಣಿ ತುಂಬಿತು ಚಂದ್ರಾಮನ ದನಿ.

“ನಾಗರಿಕರಲ್ಲಿ ವಿನಂತಿ! ಇಂದು ಸಂಜೆ ನಮ್ಮ ಓಣಿಗೆ ನೀರು ಬಿಡಲಾಗುವುದು. ತಾಯಂದಿರೇ, ಅಕ್ಕತಂಗಿಯರೇ, ಕೊಡ ತೊಳೆದಿಟ್ಟುಕೊಳ್ಳಿರಿ. ಜಗಳಾಡಬೇಡಿರಿ, ಎಲ್ಲರಿಗೂ ಸಿಗುತ್ತದೆ!”

ಕಸ್ತೂರೆವ್ವ ಆಟೋದ ಕಂಬಿ ಹಿಡಿದು ನಿಂತಳು. ಕಣ್ಣೀರು ಧಾರಾಕಾರ, ತುಟಿಯಲ್ಲಿ ನಗು. “ಹಿಂಗ ಇತ್ತು, ಶಮಶು. ‘ತಾಯಂದಿರೇ’ ಅನ್ನೂವಾಗ ಹಿಂಗ ಎಳೀತಿದ್ರು. ಇನ್ನೊಮ್ಮಿ ಹಚ್ಚು.”

ಎರಡನೆಯ ಸಲ ದನಿ ಎದ್ದಾಗ ಓಣಿಯ ಬಾಗಿಲುಗಳು ಒಂದೊಂದೇ ತೆರೆದುಕೊಂಡವು. ಹೆಂಗಸರು ಕೊಡ ಹಿಡಿದು ಹೊರಗೆ ಬಂದರು. ಸಾರುತ್ತಿರುವವನು ಸತ್ತು ಎರಡು ವರ್ಷವಾಯಿತೆಂದು ಯಾರಿಗೂ ಹೊಳೆದಂತಿರಲಿಲ್ಲ.

“ಏ ಶಮಶು, ನೀರು ಖರೇನ ಬರ್ತಾವೇನು?” ಎದುರು ಮನೆಯ ಪೀರಬಿ ಕೂಗಿ ಕೇಳಿದಳು.

ಶಮಶುದ್ದೀನ ಇದು ಹಳೆಯದೆಂದು ಹೇಳಲು ಬಾಯಿ ತೆರೆದ. ಕಸ್ತೂರೆವ್ವ ಅವನ ತೋಳು ಹಿಡಿದು ತಡೆದಳು.

“ಬರ್ತಾವ, ಪೀರಬಿ” ಎಂದಳು. “ಅವರು ಹೇಳ್ಯಾರಂದ್ರ ಬರ್ತಾವ.”