ಮಾವಂದಿರ ಬಂಡೆ

ನಾಯಿ ಬೊಗಳಲಿಲ್ಲ.

ಮೈಲಾರಲಿಂಗಪ್ಪನಿಗೆ ಮೊದಲು ಅನುಮಾನ ತಂದದ್ದು ಅದೇ. ಕರೆಮ್ಮನ ನಾಯಿ ಬಳೆಗಾರನ ಮೀನಖಂಡ ಹರಿದ ಕಥೆ ಮಸ್ಕಿಯಿಂದ ಗೊರೇಬಾಳದವರೆಗೆ ಎಲ್ಲರಿಗೂ ಗೊತ್ತು. ಈಗ ಅದು ಗಾಡಿಯ ಕೆಳಗೆ ನುಸುಳಿ, ಗಾಡಿ ಹೊಡೆದುಕೊಂಡು ಬಂದ ಗ್ಯಾನಪ್ಪನ ಕಾಲು ನೆಕ್ಕುತ್ತಿತ್ತು.

"ಏನಲೇ, ನಿನ್ನ ಗುರ್ತು ಹಿಡೀತೈತಿ?"

"ಹಬ್ಬಹಬ್ಬಕ್ಕ ಇಲ್ಲಿಗೆ ಸೀರಿ, ಬೆಲ್ಲ ತಂದು ಕೊಟ್ಟಾಂವ ನಾನ ಅಲ್ರೀ ಗೌಡ್ರ?" ಗ್ಯಾನಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚಿದ.

ಹೌದು. ಗ್ಯಾನಪ್ಪ ಕುಲದವನೇ. ತಂದೆ ತಾಯಿ ಸತ್ತ ಮೇಲೆ ಮೈಲಾರಲಿಂಗಪ್ಪನ ಮನೆಯಲ್ಲಿ ದುಡಿಯಲು ನಿಂತವನು. ಅನುಮಾನ ಅಲ್ಲಿಗೇ ಮುಗಿಯಿತು. ಒಳಗಿನಿಂದ ಹೂರಣ ರುಬ್ಬುವ ಸಪ್ಪಳ ಬೇರೆ ಬರುತ್ತಿತ್ತು. ಬೀಗರಿಗೆ ಹೋಳಿಗೆ! ಮೀಸೆ ತಾನಾಗಿ ಮೇಲೇರಿತು.

ಅವನು ಬಂದದ್ದು ಮದುವೆಯ ದಿನ ಗೊತ್ತು ಮಾಡಲು. ಎರಡು ವರ್ಷದ ಹಿಂದೆ, ಕರೆಮ್ಮನ ಗಂಡ ಬದುಕಿದ್ದಾಗ, ಮೊಮ್ಮಗಳು ಪಂಪಮ್ಮನನ್ನು ಮೈಲಾರಲಿಂಗಪ್ಪನ ಮಗನಿಗೆ ಕೊಡುವುದೆಂದು ಇಬ್ಬರು ಹಿರಿಯರೂ ಒಂದೇ ಗಡಿಗೆಯ ಈಚಲ ಸೇಂದಿ ಕುಡಿದಿದ್ದರು. ಕುಲದಲ್ಲಿ ಅದೇ ಕಾಗದ, ಅದೇ ಮುದ್ರೆ. ಇವತ್ತು ಮತ್ತೆ ಕುಡಿದು, ಖಾಲಿ ಗಡಿಗೆಗೆ ಅರಿಶಿನ ಹಚ್ಚಿ ನೆಟ್ಟಗಿಟ್ಟರೆ ದಿನ ಗೊತ್ತಾದಂತೆ. ಸಾಕ್ಷಿಯ ಎದುರು ಬೋರಲು ಹಾಕಿದರೆ ಸಂಬಂಧ ಮುರಿದಂತೆ. ಹೆಣ್ಣಿನ ಕಡೆಯವರು ಬೋರಲು ಹಾಕಿದರೆ ಕುಲದಿಂದ ಹೊರಗೆ. ಗಂಡಿನ ಕಡೆಯವರು ಹಾಕಿದರೆ ಯಾರೂ ಯಾರನ್ನೂ ಕೇಳುವಂತಿಲ್ಲ. ನಿಜಾಮನ ರಾಜ್ಯ ಹೋಗಿತ್ತು, ಈ ಕಟ್ಟಳೆ ಹೋಗಿರಲಿಲ್ಲ.

ಬೇವಿನ ನೆರಳಲ್ಲಿ ಕರೆಮ್ಮ ಗಡಿಗೆ ಇಟ್ಟುಕೊಂಡು ಕೂತಿದ್ದಳು. ಸಾಕ್ಷಿಗೆ ನೆರೆಮನೆಯ ದಸ್ತಗೀರ್‌ಸಾಬ್. ಅವನ ಕೈಯಲ್ಲಿ ಮಾತ್ರ ಚಹಾ.

"ಕುಡೀರಿ ಬೀಗರ. ಕಾಲುವಿ ಬಂದ ಮ್ಯಾಲ ಗೊರೇಬಾಳದವರು ಬರೇ ನೀರು ಕುಡದು ಕಪ್ಪಿ ಆಗ್ಯಾರಂತ."

ಮೈಲಾರಲಿಂಗಪ್ಪ ನಕ್ಕ. ಒಂದು ಚರಿಗೆ ಇಳಿಯಿತು. ಎರಡನೆಯದೂ ಇಳಿಯಿತು. ಕರೆಮ್ಮ ತಾನೂ ಒಂದು ಗುಟುಕು ಹಾಕಿ ಬಾಯಿ ಒರೆಸಿಕೊಂಡಳು.

"ಮುದಗಲ್ಲ ಕೋಟಿ ನೋಡೀರಲ್ಲ? ಅಲ್ಲೊಬ್ಬಾಕಿ ಚೆಲುವಿ ಇದ್ಲು. ಅಕ್ಕಸಾಲ್ಯಾರಾಕಿ ಅಂತಾರ, ಸುಳ್ಳು. ನಮ್ಮ ಮನೆತನದಾಕಿ. ವಿಜಯನಗರದ ರಾಜ ಬಂಗಾರದ ಸರ ಕಳಿಸಿದ. ಆಕಿ ಕೊರಳಿಗೆ ಮುಟ್ಟಿಸಿಕೊಳ್ಳಲಿಲ್ಲ. ರಾಜ ಸಿಟ್ಟಿಗೆದ್ದು ಹತ್ತು ಲಕ್ಷ ಕುದುರಿ ತಂದ. ಅತ್ತಲಾಗಿಂದ ಸುಲ್ತಾನ ಹನ್ನೆರಡು ಲಕ್ಷ ಆನಿ ತಂದ. ತುಂಗಭದ್ರಾ ಏಳು ದಿನ ಹಿಂದಕ ಹರೀತು!"

"ಭಲೇ! ಕಡೀಕ ಗೆದ್ದವರು ಯಾರು?"

"ಆಕೀನ ಗೆದ್ದಳು. ಮನಸಿಗೆ ಬಂದಾವನ್ನ ಕಟಗೊಂಡ್ಲು. ಸತ್ತಾಂವ ಮಾವ."

"ಯಾವ ಮಾವ?"

"ಗಂಡನ ಅಪ್ಪ. ಮೂರನೇ ಹುಣ್ಣಿವಿಗೆ, ಉಂಡ ಕೈ ತೊಳಕೊಳ್ಳಾಕ ಎದ್ದಾಂವ ಹಂಗ ಆವಿ ಆಗಿ ಹೋದ. ಬರೇ ರುಮಾಲು ಉಳೀತು."

ಮೈಲಾರಲಿಂಗಪ್ಪ ತನ್ನ ರುಮಾಲು ಮುಟ್ಟಿ ನೋಡಿಕೊಂಡ. ದಸ್ತಗೀರ್‌ಸಾಬ್ ಅವನ ಚರಿಗೆ ತುಂಬಿಸಿದ.

"ಅಲ್ಲಿಂದ ಶುರು ನೋಡ್ರಿ. ನಮ್ಮವ್ವನ ಮಾವನ್ನ ಗಿಡುಗ ಹೊತಗೊಂಡು ಹೋತು."

"ಗಿಡುಗನಾ?"

"ಆಗಿನ ಗಿಡುಗ. ಅಂಥವು ಈಗೆಲ್ಲಿ ಅದಾವ? ಇನ್ನ ನಮ್ಮ ಮಾವಗ ಬ್ಯಾಸಗ್ಯಾಗ ಸಿಡ್ಲು ಹೊಡೀತು. ಕೌದಿ ಸುಡಲಿಲ್ಲ, ಮಾವ ಅಷ್ಟ."

"ಗಂಡಂದಿರು?"

"ಗಂಡಂದಿರಿಗೇನು ಧಾಡಿ! ನಮ್ಮನಿಯವರು ತೊಂಬತ್ತಾರಕ್ಕ ಹೋದ್ರು, ಅದೂ ಬ್ಯಾಸರಾಗಿ. ನಮ್ಮ ಹೆಣ್ಣು ಬಂಗಾರರೀ. ಮನ್ಯಾಗ ಮಾವ ಒಬ್ಬಾಂವ ಇರಬಾರದು."

ಗಾಡಿಯ ಹತ್ತಿರ ಗ್ಯಾನಪ್ಪನಿಗೆ ಯಾಕೋ ಜೋರು ಕೆಮ್ಮು ಬಂತು.

"ಸುಳ್ಳು ಹೇಳಾಕತ್ತಿ, ಕರೆಮ್ಮ."

"ಸುಳ್ಳಾ? ನಮ್ಮ ಮಸ್ಕಿ ಗುಡ್ಡದಾಗ ಬಂಡಿಗಲ್ಲಿನ ಮ್ಯಾಲ ಹಳೇ ಅಕ್ಷರ ಅದಾವಲ್ಲ, ಟೊಪಿಗಿ ಸಾಹೇಬ್ರು ಬಂದು ಬಂದು ನೋಡಿ ಹೋಗ್ತಾರಲ್ಲ, ಅದರಾಗ ಏನೈತಿ ಗೊತ್ತೇನು?"

"ಯಾವನೋ ರಾಜ ಬರಸ್ಯಾನಂತ."

"ಮ್ಯಾಲಿನ ಸಾಲು ರಾಜಂದು. ಕೆಳಗ ಎಲ್ಲಾ ನಮ್ಮ ಮನೆತನದ ಮಾವಂದಿರ ಹೆಸರು. ಒಂಬತ್ತು."

"ಹನ್ನೊಂದು ಅಕ್ಕಾ," ದಸ್ತಗೀರ್‌ಸಾಬ್ ಚಹಾ ಊದುತ್ತ ಹೇಳಿದ. "ಎರಡು ಮಳಿಗೆ ಅಳಿಸ್ಯಾವ."

"ನೀ ಓದೀಯೇನೋ ಸಾಬಾ?"

"ನಾ ಎಲ್ಲಿ ಓದ್ಲಿ? ನೀವು ಓದೀರೇನು ಗೌಡ್ರ?"

ಮೈಲಾರಲಿಂಗಪ್ಪ ಓದಿರಲಿಲ್ಲ. ಅವನಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿತ್ತು.

"ಮತ್ತ ಸುಳ್ಳಂತ ಹೆಂಗ ಅಂತೀರಿ?" ಕರೆಮ್ಮ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ಕೆಳಗ ಇನ್ನೊಂದು ಹೆಸರಿಗೆ ಜಾಗ ಬಿಟ್ಟಾರ."

ಉಳಿದ ಸೇಂದಿಯನ್ನು ಅವನು ಒಂದೇ ಉಸಿರಿಗೆ ಮುಗಿಸಿ ತಲೆ ಎತ್ತಿದ. ಬೇವಿನ ಮೇಲೆ, ಬಿಳಿಯ ಬಿಸಿಲಿನಲ್ಲಿ, ಗಿಡುಗವೊಂದು ನಿಧಾನವಾಗಿ ಸುತ್ತು ಹಾಕುತ್ತಿತ್ತು.

ಗಡಿಗೆ ಬೋರಲು ಬಿತ್ತು.

"ಅಯ್ಯಯ್ಯೋ, ನನ್ನ ಮೊಮ್ಮಗಳ ಬಾಳೇ!" ಕರೆಮ್ಮ ಎದೆ ಬಡಿದುಕೊಂಡಳು. ನಡುವೆಯೇ ತಿರುಗಿ ಕೇಳಿದಳು: "ದಸ್ತಗೀರಾ, ಯಾರ ಕೈ?"

"ಗಂಡಿನ ಕಡೇರ ಕೈ ಅಕ್ಕಾ. ಕಣ್ಣಾರೆ ನೋಡೀನಿ."

ಮುದುಕಿಯ ಗೋಳು ಕೇಳಿ ಮೈಲಾರಲಿಂಗಪ್ಪ ಸಮಾಧಾನಕ್ಕಿಳಿದ. "ಅಳಬ್ಯಾಡ ಬೇ. ಹುಡುಗಿ ಛಲೋದು. ಅಪ್ಪ ಇಲ್ಲದ ಹುಡುಗನ್ನ ಯಾವನ್ನರ ನೋಡಿ ಕೊಟ್ಟುಬಿಡು."

"ನಿಮ್ಮ ಬಾಯಾಗ ಸಕ್ಕರಿ ಹಾಕ. ನಿಮ್ಮ ಮಾತು ಮೀರಂಗಿಲ್ಲರೀ ಗೌಡ್ರ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಸೆರಗು ಒಣಗಿಯೇ ಇತ್ತು.

ಗಡಿಗೆ ಬೋರಲು ಹಾಕಿದವರು ಆ ಮನೆಯಲ್ಲಿ ಉಣ್ಣುವಂತಿಲ್ಲ. ಹೋಳಿಗೆಯ ಕಮ್ಮನೆ ವಾಸನೆಯನ್ನಷ್ಟೇ ಕುಡಿದು ಮೈಲಾರಲಿಂಗಪ್ಪ ತೂರಾಡುತ್ತ ಗಾಡಿ ಹತ್ತಿದ. ಜೀವ ಉಳಿಯಿತು! ಅವನಿಗೆ ಹಾಡಬೇಕೆನಿಸಿತು. ಎತ್ತುಗಳನ್ನು ಯಾರೋ ಆಗಲೇ ಹೂಡಿದ್ದರು. ಹಗ್ಗವನ್ನು ಅವನ ಕೈಗೆ ಎಟಕುವ ಹಾಗೆ ಕಟ್ಟಿದ್ದರು.

"ಗ್ಯಾನ್ಯಾ! ಎಲ್ಲಿ ಸತ್ತಿಲೇ?"

ಗ್ಯಾನಪ್ಪನ ಕಾಲಿನ ಕೆರಗಳು ಹೊಸ್ತಿಲ ಮುಂದೆ ಜೋಡಿಯಾಗಿದ್ದವು. ಪಕ್ಕದಲ್ಲಿ ಕಾಲು ತೊಳೆದ ನೀರು ಇನ್ನೂ ಆರಿರಲಿಲ್ಲ. ನಾಯಿ ಕೆರಕ್ಕೆ ಕಾವಲು ಕೂತಿತ್ತು.

ಕರೆಮ್ಮ ತುಪ್ಪದ ಕೈಯಲ್ಲೇ ಬಾಗಿಲಿಗೆ ಬಂದಳು. "ಗಾಡಿ ನೀವ ಹೊಡಕೊಂಡು ಹೋಗ್ರಿ ಗೌಡ್ರ. ಹೊಸ ಅಳಿಯ ಮೊದಲ ಸಲ ಉಣ್ಣಾಕ ಕುಂತಾನ, ನಡುವ ಎಬ್ಬಿಸಬಾರದು."