ಕಾಗೆ ಮುಟ್ಟದ ಎಡೆ

ಹೊತ್ತು ನೆತ್ತಿಗೆ ಬಂದರೂ ಅಕ್ಕವ್ವನ ಎಡೆಯನ್ನು ಕಾಗೆ ಮುಟ್ಟಲಿಲ್ಲ.

ಹುಬ್ಬಳ್ಳಿ ಧಾರವಾಡ ಕೂಡಿ ಒಂದೇ ಊರಾದ ಮರುವರ್ಷ. ಉಣಕಲ್ ಕೆರೆಯ ಮಗ್ಗುಲಲ್ಲಿ, ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ, ಬಾಳೆಲೆಯ ಮೇಲೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಒಣಗುತ್ತಿದ್ದವು. ಪಕ್ಕದಲ್ಲಿ ಅವಳ ಇಳಕಲ್ಲ ಸೀರೆಯನ್ನು ಕೆಂಪು ಸೆರಗು ಮೇಲೆ ಕಾಣುವಂತೆ ಮಡಿಚಿಟ್ಟಿದ್ದರು. ಸತ್ತವರಿಗೆ ಪ್ರಿಯವಾದದ್ದನ್ನು ಎಡೆಯ ಬಳಿ ಇಡುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಬೇವಿನ ಮರದ ತುಂಬ ಕಾಗೆಗಳು. ಕೂಗುತ್ತಿದ್ದವು, ಇಳಿಯುತ್ತಿರಲಿಲ್ಲ.

“ಆಕಿಗೆ ಯಾರ ಮ್ಯಾಲೋ ಸಿಟ್ಟದ,” ಎಂದ ಅಕ್ಕವ್ವನ ಮೈದುನ ಯಂಕಣ್ಣ. “ಯಾರರ ತಪ್ಪು ಮಾಡಿದ್ರ ಈಗ ಒಪ್ಪಿಕೊಳ್ರಿ.”

ಸಿಟ್ಟು ಯಾರ ಮೇಲೆಂಬುದು ಮಗಳು ದುರಗವ್ವನಿಗೆ ಗೊತ್ತಿತ್ತು.

ಗಂಡ ತೀರಿದಂದಿನಿಂದ ಅಕ್ಕವ್ವ ಕೆರೆಯ ದಂಡೆಯ ತನ್ನ ಮನೆಯ ಹಿತ್ತಲಲ್ಲಿ, ಕೆಂಪು ಸೆರಗಿನ ಮುಸುಕು ಹೊದ್ದು, ಕಲ್ಲಿನ ಮೇಲೆ ಕುಳಿತು ಕಾಗೆಗಳಿಗೆ ತುತ್ತು ಹಾಕುವಳು. ಅವು ತಿಂದರೆ ಗಂಡ ಉಂಡಂತೆ. ಆಮೇಲೆ ತಾನು ಉಣ್ಣುವಳು. ಅವಳ ಅಂಗೈಯಿಂದಲೇ ಹೆಕ್ಕಿ ತಿನ್ನುವಷ್ಟು ಸಲಿಗೆ ಅವಕ್ಕೆ. ನಾಲ್ಕು ವರ್ಷದ ಹಿಂದೆ ದುರಗವ್ವ ಹೆರಿಗೆಯಾಗಿ ಹಾಸಿಗೆ ಬಿಟ್ಟು ಏಳಲಾರದೆ ತಾಯಿಯನ್ನು ಗದಗಿಗೆ ಕರೆಸಿಕೊಂಡಿದ್ದಳು. ಆ ಮೂರು ತಿಂಗಳು ಅಕ್ಕವ್ವನ ಮನೆಯಲ್ಲಿ ಮಗ ಗಂಗಪ್ಪನೊಬ್ಬನೇ ಇದ್ದ. ಓದುವುದಕ್ಕೆ ನೆಮ್ಮದಿ ಬೇಕೆಂದು ಅವನು ತಾನಾಗಿ ಬಂದು ಮನೆ ಕಾದನೆಂದು ತಾಯಿಗೆ ಹಿಗ್ಗು.

ತಿರುಗಿ ಬಂದಾಗ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಅವಳನ್ನು ಕಂಡೊಡನೆ ಅರಚಿಕೊಂಡು ಹಾರಿಹೋಗುತ್ತಿದ್ದವು.

“ನಿಮ್ಮಪ್ಪನ ತುತ್ತು ತಪ್ಪಿಸಿದೆ ನಾ. ಸಿಟ್ಟಾಗ್ಯಾನ,” ಎಂದು ಅತ್ತಳು. ಕಾಗೆ ಉಣ್ಣದೆ ತಾನು ಉಣ್ಣಲಿಲ್ಲ. ಕಾದು ಕಾದು ಸಂಜೆಗೆ ಒಂದು ರೊಟ್ಟಿ, ಆಮೇಲೆ ಅರ್ಧ, ಕಡೆಕಡೆಗೆ ಬರೀ ಮಜ್ಜಿಗೆ. ಹಾಗೆಯೇ ಬತ್ತಿ ಹೋದಳು.

“ಏನ್ರಿ ಪ್ರೊಫೆಸರ್ ಸಾಹೇಬ್ರ, ಕಾಗೀಗೆ ಸಾಲಿ ಕಲಿಸಿದವ್ರು ನೀವು. ಕರೀರಲಾ!” ಯಂಕಣ್ಣ ಗಂಗಪ್ಪನನ್ನು ಕುಟುಕಿದ.

ಗಂಗಪ್ಪ ಮಣಿಕಟ್ಟಿನ ಚೌಕು ಗಡಿಯಾರ ನೋಡಿಕೊಂಡ. ಪ್ರೊಫೆಸರ್ ಇನ್ನೂ ಆಗಿರಲಿಲ್ಲ. ಅಂದು ಮೂರಕ್ಕೆ ಧಾರವಾಡದಲ್ಲಿ ಅದರ ಸಂದರ್ಶನ. ಮನಶ್ಶಾಸ್ತ್ರದಲ್ಲಿ ಅವನ ಲೇಖನಗಳು ಹಲವು ಅಚ್ಚಾಗಿದ್ದವು. ಹೆಸರು ತಂದದ್ದು ಒಂದೇ. ಉಣ್ಣುವಾಗ ಪೆಟ್ಟು ತಿಂದ ಕಾಗೆ ಪೆಟ್ಟು ಕೊಟ್ಟವರನ್ನು ಮರೆಯುವುದಿಲ್ಲ, ಮರಿಗಳಿಗೂ ಆ ಅಂಜಿಕೆ ಕಲಿಸುತ್ತದೆ ಎಂದು ತೋರಿಸಿದ ಲೇಖನ. ಅಮೇರಿಕದ ಪಂಡಿತರು ತಮ್ಮ ಗ್ರಂಥಗಳಲ್ಲಿ ಅದನ್ನು ಎತ್ತಿ ಹೇಳಿದ್ದರು.

ಅದರೊಡನೆ ಒಂದು ಫೋಟೋ ಅಚ್ಚಾಗಿತ್ತು. ಮುಸುಕು ಹೊದ್ದು, ಬೆನ್ನು ತಿರುಗಿಸಿ ಕುಳಿತ ಹೆಂಗಸು ಕಾಗೆಗಳಿಗೆ ಕೈ ಚಾಚಿದ್ದಾಳೆ. ಪೊರೆ ಬಂದ ಕಣ್ಣಿಗೂ ಅಕ್ಕವ್ವನಿಗೆ ತನ್ನ ಸೀರೆಯ ಗುರುತು ಸಿಕ್ಕಿತು. ಕಟ್ಟು ಹಾಕಿಸಿ, ದೇವರ ಜಗಲಿಯ ಮೇಲಿಟ್ಟು, ದಿನಾ ಊದಿನಕಡ್ಡಿ ಬೆಳಗಿದಳು. ಮಗ ತನ್ನ ಫೋಟೋ ಪರದೇಶಕ್ಕೆ ಮುಟ್ಟಿಸಿದನೆಂದು ಓಣಿಗೆಲ್ಲ ಹೇಳಿದಳು.

“ಯಾವಾಗ ತಗದ್ಯೋ ಇದನ್ನ?” ಎಂದು ಮಗನನ್ನು ಕೇಳಿದ್ದಳು.

“ನಿನಗ ಗೊತ್ತಾಗಧಂಗ ತಗದೆ, ಯವ್ವಾ.”

ದುರಗವ್ವ ಮಣ್ಣಿನ ಗುಡ್ಡೆಯ ಮೇಲೆ ಹಣೆ ಇಟ್ಟಳು. “ಯವ್ವಾ, ನನ್ನ ಸಲುವಾಗಿ ಅಪ್ಪನ ತುತ್ತು ತಪ್ತು. ತಪ್ಪು ನಂದು. ಹೊಟ್ಟಿಗೆ ಹಾಕ್ಕೋ.”

ಕಾಗೆ ಇಳಿಯಲಿಲ್ಲ.

ಗಂಗಪ್ಪ ಮತ್ತೆ ಗಡಿಯಾರ ನೋಡಿದ. “ಆ ಸೀರಿ ಅಲ್ಲಿಂದ ತಗೀರಿ.”

“ಯಾಕಪಾ?”

“ತಗೀರಿ, ಕಾಕಾ. ಲಗೂ.”

ದುರಗವ್ವ ಸೀರೆಯನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ತಾಯಿಯ ಮೈವಾಸನೆ. ತಡೆಯಲಾರದೆ ತಲೆಯ ಮೇಲೆ ಹೊದ್ದಳು. ಮರದ ಕಾಗೆಗಳೆಲ್ಲ ಒಮ್ಮೆಲೇ ಕಿರಿಚಿ ಎದ್ದವು.

“ನೋಡ್ರಿ!” ಎಂದ ಯಂಕಣ್ಣ. “ನಿನ್ನ ಮ್ಯಾಲೇ ಅದ ದುರಗಿ, ಆಕಿ ಸಿಟ್ಟು. ನೀ ಇಲ್ಲಿಂದ ನಡಿ.”

ಅವಳು ಅಣ್ಣನ ಮುಖ ನೋಡಿದಳು. ಅವನು ಕೆರೆಯ ಕಡೆ ನೋಡುತ್ತಿದ್ದ.

“ಮನಿಗೆ ಹೋಗು, ದುರಗಿ,” ಎಂದ. “ಆ ಸೀರಿ ಸುಟ್ಟುಬಿಡು.”

ಸೀರೆ ಅವುಚಿಕೊಂಡು ಅವಳು ರಸ್ತೆ ದಾಟಿದಳು. ಬೆನ್ನ ಹಿಂದೆ ರೆಕ್ಕೆಗಳ ಸದ್ದಾಯಿತು. “ಮುಟ್ತು! ಮುಟ್ತು!” ಎಂದು ನೆಂಟರೆಲ್ಲ ಕೂಗಿದ್ದು ಕೇಳಿಸಿತು. ಹೆತ್ತವಳು ಸತ್ತ ಮೇಲೂ ತನ್ನನ್ನು ಒಲ್ಲೆನೆಂದಳು. ಇನ್ನು ಯಾವ ದೇವರು ಒಪ್ಪಿಯಾನು?

ಮನೆಯಲ್ಲಿ ಜಗಲಿಯ ಮುಂದೆ ಕುಸಿದಳು. ಸಿಟ್ಟಿಲ್ಲದ ತಾಯಿ ಉಳಿದದ್ದು ಆ ಫೋಟೋದಲ್ಲಿ ಮಾತ್ರ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿಗೆ ಹತ್ತಿದ ಊದಿನಕಡ್ಡಿಯ ಮಸಿಯನ್ನು ಕೆಂಪು ಸೆರಗಿನಿಂದಲೇ ಒರೆಸತೊಡಗಿದಳು. ಹಿತ್ತಲಿನ ಕಲ್ಲು ಕಂಡಿತು. ಮುಸುಕು ಕಂಡಿತು. ಸೆರಗಿನ ಮರೆಯಲ್ಲಿ ಹಿಡಿದ ಬಡಿಗೆ ಕಂಡಿತು. ಕಡೆಗೆ, ಕಾಗೆಗಳತ್ತ ಚಾಚಿದ ಕೈ.

ಅದರ ಮಣಿಕಟ್ಟಿನಲ್ಲಿ ಚೌಕು ಗಡಿಯಾರವಿತ್ತು.